ಮಗೂನ ರಾತ್ರಿ ಹೊತ್ತು ಎಮರ್ಜೆನ್ಸಿಗೆ ಕರ್ಕೊಂಡು ಹೋದ್ರೆ ಅಲ್ಲಿ ಏನೇನ್ ಮಾಡ್ತಾರೆ? ಕೊಡಗಿನವರು ಹೇಳಿ

ತಿತಿಮತಿ_ಸೊಸೆ

ನಮಸ್ತೆ ಎಲ್ರಿಗೂ. ನಾನು ಮದ್ವೆಯಾಗಿ ತಿತಿಮತಿ ಕಡೆ ಬಂದೋಳು, ತವರುಮನೆ ತುಮಕೂರು. ಅಲ್ಲಾದ್ರೆ ಮನೆ ಹಿಂದಿನ ರೋಡಲ್ಲೇ ನರ್ಸಿಂಗ್ ಹೋಂ ಇತ್ತು, ಇಲ್ಲಿ ತೋಟದ ಒಳಗೆ ಮನೆ, ಟಾರ್ ರೋಡ್ ಸೇರೋಕೇ ಜೀಪು ಬೇಕು, ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಕತ್ತಲಾದ್ಮೇಲೆ ಆನೆ ಭಯ ಬೇರೆ. ಮಗನಿಗೆ ಎರಡು ವರ್ಷ.

ಹೋದ್ವಾರ ಪಕ್ಕದ ತೋಟದವರ ಮಗೂಗೆ ರಾತ್ರಿ ಉಸಿರಾಡೋಕೆ ಕಷ್ಟ ಆಗಿ ಎತ್ಕೊಂಡು ಓಡಿದ್ರು. ಮಗು ಈಗ ಹುಷಾರಾಗಿದೆ. ಆದ್ರೆ ಆ ತಾಯಿ ಹೇಳ್ತಿದ್ರು, ಅಲ್ಲಿ ಯಾರು ಏನ್ ಕೇಳ್ತಿದಾರೆ, ಯಾಕೆ ಚುಚ್ತಿದಾರೆ, ನಮಗಿಂತ ಆಮೇಲೆ ಬಂದೋರ್ನ ಯಾಕೆ ಮೊದ್ಲು ಒಳಗೆ ಕರೆದ್ರು, ಒಂದೂ ಅರ್ಥ ಆಗ್ಲಿಲ್ಲ ಅಂತ. ಅವತ್ತಿಂದ ನಂಗೆ ಅದೇ ಯೋಚ್ನೆ. ಗೋಣಿಕೊಪ್ಪಕ್ಕೆ ಹೋಗ್ಬೇಕಾ, ವಿರಾಜಪೇಟೆಗಾ, ನೇರ ಮೈಸೂರಿಗೇ ಹೋಗೋದಾ? 108 ನಮ್ಮ ತೋಟದ ಒಳಗೆ ಬರುತ್ತಾ? ಏನೇನ್ ತಗೊಂಡು ಹೋಗ್ಬೇಕು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಸಿಸ್ಟರ್_ಅಕ್ಕ

ಒಳ್ಳೇದು ಕೇಳಿದೆ ತಂಗಿ. ನಾನು ಕ್ಯಾಶುವಾಲ್ಟೀಲಿ, ಅಂದ್ರೆ ಎಮರ್ಜೆನ್ಸಿ ವಿಭಾಗದಲ್ಲಿ, ವರ್ಷಗಟ್ಲೆ ನೈಟ್ ಡ್ಯೂಟಿ ಮಾಡಿರೋ ನರ್ಸ್, ಡಾಕ್ಟ್ರಲ್ಲ. ದಿನಾ ನೋಡೋದನ್ನ ಹೇಳ್ತೀನಿ.

ಮೊದ್ಲು ಸರದಿ ವಿಚಾರ, ಯಾಕಂದ್ರೆ ಜಗಳ ಆಗೋದೇ ಅಲ್ಲಿ. ಕ್ಯಾಶುವಾಲ್ಟೀಲಿ ಮೊದ್ಲು ಬಂದೋರಿಗೆ ಮೊದ್ಲು ಅನ್ನೋ ಲೆಕ್ಕ ಇಲ್ಲ, ಯಾರಿಗೆ ಜಾಸ್ತಿ ಅಪಾಯ ಇದೆಯೋ ಅವರು ಮೊದ್ಲು. ಮಗೂನ ಒಳಗೆ ತಂದ ತಕ್ಷಣ, ಮುಟ್ಟೋಕೂ ಮುಂಚೆ, ನಾವು ದೂರದಿಂದ್ಲೇ ಮೂರು ವಿಷ್ಯ ನೋಡ್ತೀವಿ. ಮಗು ನಮ್ಮ ಕಡೆ ನೋಡ್ತಿದ್ಯಾ, ಅಮ್ಮನ್ನ ಹಿಡ್ಕೊಂಡಿದ್ಯಾ, ಇಲ್ಲ ಹೆಗಲ ಮೇಲೆ ಜೋತು ಬಿದ್ದಿದ್ಯಾ. ಎರಡನೇದು ಉಸಿರು, ಪಕ್ಕೆ ಒಳಗೆ ಸೆಳೀತಿದ್ಯಾ, ಮೂಗಿನ ಹೊಳ್ಳೆ ಅರಳ್ತಿದ್ಯಾ, ಉಸಿರು ಬಿಡುವಾಗ ನರಳೋ ಸದ್ದು ಬರ್ತಿದ್ಯಾ. ಮೂರನೇದು ಮೈಬಣ್ಣ, ಬಿಳಿಚ್ಕೊಂಡಿದ್ಯಾ, ತುಟಿ ನೀಲಿ ಆಗಿದ್ಯಾ. ಜೋರಾಗಿ ಅಳೋ ಮಗು ಬಂದ್ರೆ ಅಪ್ಪ ಅಮ್ಮಂಗೆ ಗಾಬರಿ, ನಮಗೆ ಮಾತ್ರ ಸ್ವಲ್ಪ ಸಮಾಧಾನ, ಅಷ್ಟು ಅಳೋಕೆ ಉಸಿರಿದೆ ಅಂತ. ಸುಮ್ನೆ ಮಲ್ಕೊಂಡಿರೋ, ಕರೆದ್ರೂ ಕಣ್ಣು ಬಿಡದ ಮಗು ಬಂದ್ರೆ ಎಲ್ಲ ಬಿಟ್ಟು ಆ ಕಡೆ ಓಡ್ತೀವಿ. ಹಾಗಾಗಿ ನಿಮಗೆ ಕಾಯಿರಿ ಅಂದ್ರೆ ನಿಮ್ಮ ಮಗೂಗೆ ಆ ಕ್ಷಣಕ್ಕೆ ಅಷ್ಟು ಅಪಾಯ ಕಾಣ್ತಿಲ್ಲ ಅಂತ ಅರ್ಥ. ಆದ್ರೆ ಕಾಯ್ತಾ ಇರುವಾಗ ಮಗು ಬದಲಾದ್ರೆ, ಮಂಪರು ಬಂದ್ರೆ, ಉಸಿರು ಜಾಸ್ತಿ ಆದ್ರೆ, ಸಂಕೋಚ ಇಟ್ಕೋಬೇಡಿ. ಸಿಸ್ಟರ್, ಮಗು ಮೊದ್ಲಿನ ಹಾಗಿಲ್ಲ, ಬಂದು ನೋಡಿ ಅಂತ ಗಟ್ಟಿಯಾಗಿ ಕರೀರಿ.

ಆಮೇಲೆ ತೂಕ. ಎಷ್ಟು ಜನ ಇದನ್ನ ಫಾರ್ಮಾಲಿಟಿ ಅನ್ಕೋತಾರೆ! ಮಕ್ಕಳಿಗೆ ಪ್ರತಿ ಔಷಧಿ, ಪ್ರತಿ ಡ್ರಿಪ್ಸು ಕೆಜಿ ಲೆಕ್ಕದಲ್ಲೇ. ಫಿಟ್ಸ್ ಬಂದಿರೋ ಮಗೂನ ತಕ್ಕಡಿ ಮೇಲೆ ಕೂರಿಸೋಕಾಗಲ್ಲ, ಆಗ ತಾಯಿ ಹೋದ ತಿಂಗಳು ಅಂಗನವಾಡೀಲಿ ಹನ್ನೊಂದೂವರೆ ಕೆಜಿ ಇದ್ದ ಅಂದ್ರೆ ನಮಗೆ ಅದು ದೊಡ್ಡ ಸಹಾಯ. ಹಾಗೇ ಜ್ವರ ನೋಡ್ತಾರೆ, ಬೆರಳಿಗೋ ಕಾಲಿಗೋ ಕ್ಲಿಪ್ ಹಾಕಿ ಆಕ್ಸಿಜನ್ ನೋಡ್ತಾರೆ, ಎದೆ ಮೇಲೆ ಒತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ವಾಪಸ್ ಬರುತ್ತೆ ನೋಡ್ತಾರೆ, ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದ್ರೆ ರಕ್ತ ಸಂಚಾರ ಸರಿ ಇಲ್ಲ ಅಂತ. ಮಂಪರು ಅಥ್ವಾ ಫಿಟ್ಸ್ ಇದ್ರೆ ಬೆರಳು ಚುಚ್ಚಿ ಶುಗರ್ ನೋಡ್ತಾರೆ, ಚಿಕ್ಕ ಮಗೂಗೆ ಯಾಕೆ ಶುಗರ್ ಟೆಸ್ಟು ಅಂತ ಬೈತಾರೆ ಜನ. ಊಟ ಬಿಟ್ಟಿರೋ ಮಕ್ಕಳಿಗೆ ಶುಗರ್ ಬೇಗ ಇಳಿಯುತ್ತೆ, ಅದೇ ಫಿಟ್ಸಿಗೂ ಕಾರಣ ಆಗ್ಬಹುದು.

ಒಬ್ಬರಾದ್ಮೇಲೆ ಒಬ್ಬರು ಬಂದು ಅದೇ ಪ್ರಶ್ನೆ ಕೇಳ್ತಾರೆ, ಕೋಪ ಮಾಡ್ಕೋಬೇಡಿ. ಯಾವಾಗ ಶುರುವಾಯ್ತು, ಕೊನೇ ಸಲ ಯಾವಾಗ ಉಚ್ಚೆ ಹೊಯ್ತು, ಏನ್ ತಿಂತು ಎಷ್ಟೊತ್ತಿಗೆ, ಯಾವ ಔಷಧಿ ಎಷ್ಟು ಕೊಟ್ರಿ, ಯಾವ್ದಾದ್ರೂ ಅಲರ್ಜಿ ಇದ್ಯಾ. ಕೊನೇ ಊಟದ ಟೈಮ್ ಯಾಕಂದ್ರೆ ಮೂಳೆ ಮುರಿದಿದ್ರೆ, ದೊಡ್ಡ ಹೊಲಿಗೆ ಇದ್ರೆ ಅರಿವಳಿಕೆ ಕೊಡ್ಬೇಕಾಗುತ್ತೆ, ಹೊಟ್ಟೇಲಿ ಊಟ ಇದ್ರೆ ವಾಂತಿ ಶ್ವಾಸಕೋಶಕ್ಕೆ ಹೋಗೋ ಅಪಾಯ. ಬಿದ್ದು ಕೈ ಮುರ್ಕೊಂಡಿರೋ ಮಗೂಗೆ ದಾರೀಲಿ ಬನ್ನು ಬಿಸ್ಕೆಟ್ ಕೊಡಿಸ್ಬೇಡಿ.

ಶನಿವಾರಸಂತೆ_ಅಪ್ಪ

ಸಿಸ್ಟರ್ ಹೇಳಿದ್ದೆಲ್ಲ ಸರಿ, ಆದ್ರೆ ಒಂದು ಮಾತಿಗೆ ನನ್ನ ತಕರಾರಿದೆ, ಅದನ್ನ ಇನ್ನೂ ಅವರು ಹೇಳಿಲ್ಲ ಆದ್ರೆ ಎಲ್ರೂ ಹೇಳ್ತಾರೆ, ಹತ್ತಿರದ ಆಸ್ಪತ್ರೆಗೆ ಹೋಗಿ ಅಂತ. ನಮ್ಮ ಮಗಳಿಗೆ ವಾಂತಿ ಭೇದಿ ಆಗಿ ಸುಸ್ತಾಗಿದ್ದಾಗ ಹತ್ರದ ಒಂದು ಆಸ್ಪತ್ರೆಗೆ ಹೋದ್ವಿ, ಚೀಟಿ ಮಾಡಿಸಿ, ಯಾರ್ಗೋ ಫೋನ್ ಮಾಡಿ, ಕೊನೇಗೆ ಮಕ್ಕಳ ಡಾಕ್ಟ್ರಿಲ್ಲ ಹಾಸನಕ್ಕೆ ಹೋಗಿ ಅಂದ್ರು. ಆ ಹೊತ್ತಿಗೆ ನಾವು ಅರ್ಧ ದಾರಿ ಹೋಗಿರ್ತಿದ್ವಿ. ನಮ್ಮ ಉತ್ತರ ಕೊಡಗಿನವರಿಗೆ ಹಾಸನ, ನಿಮ್ಮ ಕಡೆಯವರಿಗೆ ಮೈಸೂರು. ನೇರ ದೊಡ್ಡ ಜಾಗಕ್ಕೇ ಹೋಗೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಆಂಬುಲೆನ್ಸ್_ಕುಶಾಲನಗರ

ಅಣ್ಣ ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದ್ರೆ ನಾನು ದಿನಾ ಈ ರೋಡಲ್ಲಿ ಆಂಬುಲೆನ್ಸ್ ಓಡಿಸೋನು. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್ ಹತ್ರ, ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ, ಅದೂ ಸಂಪಾಜೆ ಘಾಟಿ ಇಳೀಬೇಕು. ಜಿಲ್ಲೆಗೆ ರೈಲಿಲ್ಲ. ಮಳೇಲಿ ಮರ ಬಿತ್ತು ಅಂದ್ರೆ ಗರಗಸ ತರೋವರೆಗೂ ಅಲ್ಲೇ. 2018ರ ಆಗಸ್ಟಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಮಂಗಳೂರು ರೋಡೇ ಬಂದ್ ಆಗಿತ್ತಲ್ಲ, ಮರೆಯೋಕಾಗುತ್ತಾ. ಕಾರಲ್ಲಿ ಆಕ್ಸಿಜನ್ ಇರಲ್ಲ, ಗಂಟಲಲ್ಲಿ ಕಟ್ಟಿರೋ ಕಫ ಎಳೆಯೋ ಸಕ್ಷನ್ ಮೆಷಿನ್ ಇರಲ್ಲ, ಫಿಟ್ಸ್ ನಿಲ್ಸೋ ಔಷಧಿ ಇರಲ್ಲ. ಹುಣಸೂರು ದಾಟೋ ಮುಂಚೆ ಮಗು ಉಸಿರು ಬಿಗಿ ಹಿಡಿದ್ರೆ ಅಲ್ಲಿ ಏನ್ ಮಾಡ್ತೀರಾ ಹೇಳಿ.

108 ವಿಚಾರ. ಫೋನ್ ತೆಗೆದೋರು ಊರು, ಲ್ಯಾಂಡ್‌ಮಾರ್ಕ್, ಏನಾಗಿದೆ ಅಂತ ಕೇಳ್ತಾರೆ. ದುಡ್ಡಿಲ್ಲ, ಫ್ರೀ. ಗಾಡೀಲಿ ಓಡಿಸೋ ಪೈಲಟ್ ಜೊತೆ ತುರ್ತು ಚಿಕಿತ್ಸೆ ಕಲಿತಿರೋ ಒಬ್ರು ಇಎಂಟಿ ಇರ್ತಾರೆ, ಆಕ್ಸಿಜನ್ ಇರುತ್ತೆ. ತೋಟದ ಒಳಗೆ ಮನೆ ಇರೋರು ಇಷ್ಟು ಮಾಡಿ, ಎಸ್ಟೇಟ್ ಹೆಸರಷ್ಟೇ ಹೇಳ್ಬೇಡಿ, ಟಾರ್ ರೋಡಿನ ಬಸ್ ಸ್ಟಾಪೋ, ದೇವಸ್ಥಾನವೋ, ಅಂಗಡಿಯೋ ಹೇಳಿ. ಒಬ್ಬರನ್ನ ಟಾರ್ಚ್ ಕೊಟ್ಟು ಗೇಟ್ ಹತ್ರ ನಿಲ್ಸಿ. ಮಣ್ಣು ರೋಡ್ ಕೆಸರಾಗಿದ್ರೆ ನಮ್ಮ ಗಾಡಿ ಹೂತ್ಕೊಳ್ಳುತ್ತೆ, ಆಗ ನಿಮ್ಮ ಜೀಪಲ್ಲಿ ಟಾರ್ ರೋಡಿಗೆ ಬಂದು ಅಲ್ಲಿ ಮಗೂನ ನಮ್ಮ ಗಾಡಿಗೆ ಹಾಕಿ. ತಾಯಿ ಒಬ್ಬಳೇ ಡ್ರೈವ್ ಮಾಡ್ಕೊಂಡು ಹಿಂದಿನ ಸೀಟಲ್ಲಿ ಮಗೂನ ಮಲಗಿಸ್ಕೊಂಡು ಬರೋದು ಬೇಡ, ಮಗೂನ ನೋಡ್ಕೊಳ್ಳೋಕೆ ಇನ್ನೊಬ್ರು ಇರ್ಲೇಬೇಕು. 112ಕ್ಕೆ ಮಾಡಿದ್ರೂ ಆಗುತ್ತೆ. ನೆಟ್‌ವರ್ಕ್ ಇಲ್ದಿರೋ ಮನೇಲಿ ಬ್ರಾಡ್‌ಬ್ಯಾಂಡ್ ಇದ್ರೆ ಫೋನಲ್ಲಿ ವೈಫೈ ಕಾಲಿಂಗ್ ಇವತ್ತೇ ಆನ್ ಮಾಡಿ, ಆ ವೈಫೈ ಡಬ್ಬಕ್ಕೆ ಇನ್ವರ್ಟರ್ ಲೈನ್ ಕೊಡಿ.

ಸಿಸ್ಟರ್_ಅಕ್ಕ

ಶನಿವಾರಸಂತೆಯವರೇ, ನಿಮಗಾಗಿದ್ದು ತಪ್ಪೇ. ಬೇರೆ ಕಡೆ ಕಳಿಸ್ಬೇಕಾದ್ರೂ ಮೊದ್ಲು ಡ್ರಿಪ್ಸ್ ಶುರು ಮಾಡಿ, ಓಆರ್‌ಎಸ್ ಕುಡಿಸಿ ಕಳಿಸ್ಬೇಕಿತ್ತು. ಆದ್ರೆ ಅದಕ್ಕೆ ಪರಿಹಾರ ಹತ್ತಿರದ್ದನ್ನ ಬಿಟ್ಟು ಹೋಗೋದಲ್ಲ, ಹಗಲಲ್ಲೇ ಹೋಗಿ ವಿಚಾರಿಸೋದು. ಮಗು ಹುಷಾರಾಗಿರೋ ದಿನ ಒಂದ್ಸಲ ಹೋಗಿ, ರಾತ್ರಿ ಡಾಕ್ಟ್ರು ಇರ್ತಾರಾ, ಆಕ್ಸಿಜನ್ ಇದ್ಯಾ, ಮಕ್ಕಳಿಗೆ ನೆಬುಲೈಸೇಶನ್ (ಔಷಧಿನ ಹೊಗೆ ಥರ ಮಾಡಿ ಉಸಿರಲ್ಲಿ ಕೊಡೋದು) ಆಗುತ್ತಾ, ಹಾವಿನ ಔಷಧಿ ಸ್ಟಾಕ್ ಇದ್ಯಾ ಅಂತ ಕೇಳಿ, ಕ್ಯಾಶುವಾಲ್ಟಿ ನಂಬರ್ ಬರ್ಕೊಂಡು ಬನ್ನಿ. ಪಿಎಚ್‌ಸಿಗಳಲ್ಲಿ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ರಾತ್ರಿ ಡಾಕ್ಟ್ರು ಇರ್ಲೇಬೇಕು ಅಂತೇನಿಲ್ಲ, ತಾಲ್ಲೂಕು ಆಸ್ಪತ್ರೇಲಿ ಇರ್ತಾರೆ. ಮಡಿಕೇರಿ ಜಿಲ್ಲಾಸ್ಪತ್ರೆ ಈಗ ಮೆಡಿಕಲ್ ಕಾಲೇಜಿಗೆ ಸೇರಿದೆ. ಕುಟ್ಟದ ಕಡೆಯವರು ತೋಲ್ಪೆಟ್ಟಿ ದಾಟಿ ಮಾನಂದವಾಡಿಗೆ ಹೋಗೋದೂ ಸರೀನೇ.

ಉಸಿರಾಟದ ತೊಂದರೆ, ನಿಲ್ಲದ ಫಿಟ್ಸ್, ಹಾವು, ವಿಷ, ಪ್ರಜ್ಞೆ ತಪ್ಪಿರೋದು, ರಕ್ತ ನಿಲ್ತಿಲ್ಲ, ಇಂಥದಕ್ಕೆಲ್ಲ ಹತ್ತಿರದ್ದೇ ಮೊದ್ಲು. ಅಲ್ಲಿ ಜೀವ ಹಿಡಿದಿಟ್ಟು, ಆಮೇಲೆ ಮೈಸೂರು ಚೆಲುವಾಂಬಾನೋ ಮಂಗಳೂರು ವೆನ್‌ಲಾಕೋ ಅಂತ ನೋಡ್ಬಹುದು. ರೆಫರ್ ಮಾಡಿದ್ರೆ ಸುಮ್ನೆ ಚೀಟಿ ಹಿಡ್ಕೊಂಡು ಹೊರಡ್ಬೇಡಿ. ಅಲ್ಲಿಗೆ ಫೋನ್ ಮಾಡಿದೀರಾ, ಮಕ್ಕಳ ಐಸಿಯುನಲ್ಲಿ ಬೆಡ್ ಇದ್ಯಾ, ಏನೇನ್ ಔಷಧಿ ಎಷ್ಟೊತ್ತಿಗೆ ಕೊಟ್ರಿ ಅಂತ ಬರೆದಿದೀರಾ, ದಾರಿಗೆ ಆಕ್ಸಿಜನ್ ಬೇಕಾ, ಇಷ್ಟು ಕೇಳಿ. ಈಗಾಗ್ಲೇ ಮೈಸೂರಲ್ಲಿ ಹಾರ್ಟಿಗೋ ಇನ್ಯಾವ್ದಕ್ಕೋ ತೋರಿಸ್ತಿರೋ ಮಗು, ಸದ್ಯಕ್ಕೆ ಆರಾಮಾಗಿ ಉಸಿರಾಡ್ತಿದೆ ಅಂದ್ರೆ ಆ ಡಾಕ್ಟ್ರಿಗೆ ಫೋನ್ ಮಾಡಿ ನೇರ ಹೋಗ್ಬಹುದು.

ಶನಿವಾರಸಂತೆ_ಅಪ್ಪ

ಹಗಲಲ್ಲೇ ಹೋಗಿ ಕೇಳೋದು ಒಪ್ಪಿದೆ ಸಿಸ್ಟರ್. ಸೋಮವಾರ ಸಂತೆಗೆ ಹೋಗ್ತೀನಿ, ಹಾಗೇ ಕೇಳ್ಕೊಂಡು ಬರ್ತೀನಿ.

ನಾಪೋಕ್ಲು_ಅಜ್ಜಿ

ನನ್ನ ಮೊಮ್ಮಗಳಿಗೆ ಜ್ವರದಲ್ಲಿ ಒಂದ್ಸಲ ಫಿಟ್ಸ್ ಬಂದಿತ್ತು. ನಮ್ಮ ಕಡೆ ಕೈಗೆ ಕಬ್ಬಿಣ ಹಿಡಿಸೋದು, ಈರುಳ್ಳಿ ಮೂಸಿಸೋದು ಮೊದಲಿಂದ ನಡ್ಕೊಂಡು ಬಂದಿದೆ. ಮಗಳು ಬೆಂಗಳೂರಲ್ಲಿರೋದು, ರಜೆಗೆ ಮಗೂನ ನನ್ನ ಹತ್ರ ಬಿಟ್ಟು ಹೋಗ್ತಾಳೆ. ಮತ್ತೆ ಬಂದ್ರೆ ನಾನು ಏನ್ ಮಾಡ್ಬೇಕು ಅಂತ ಸಿಸ್ಟರ್ ಹೇಳಿದ್ರೆ ಒಳ್ಳೇದು.

ಸಿಸ್ಟರ್_ಅಕ್ಕ

ಅಜ್ಜಿ, ಕಬ್ಬಿಣದಿಂದ ಫಿಟ್ಸ್ ನಿಲ್ಲಲ್ಲ, ಅದು ತಾನಾಗೇ ನಿಲ್ಲೋ ಹೊತ್ತಿಗೆ ಕೈಲಿ ಕೀ ಇರುತ್ತೆ ಅಷ್ಟೇ. ಕೀ ಹುಡುಕೋ ಟೈಮಲ್ಲಿ ಮಗೂನ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊಲ್ಲು ವಾಂತಿ ಹೊರಗೆ ಹರಿದು ಹೋಗ್ಲಿ. ಕತ್ತಿನ ಹತ್ರ ಬಟ್ಟೆ ಸಡಿಲ ಮಾಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಬೇಡ. ಕೈಕಾಲು ಅದುಮಿ ಹಿಡೀಬೇಡಿ. ಗೋಡೆ ಗಡಿಯಾರ ನೋಡಿ ಟೈಮ್ ಇಟ್ಕೊಳ್ಳಿ, ಪಕ್ಕದಲ್ಲಿ ಇನ್ನೊಬ್ರಿದ್ರೆ ಫೋನಲ್ಲಿ ವಿಡಿಯೋ ತೆಗೀಲಿ, ಡಾಕ್ಟ್ರಿಗೆ ಅದು ತುಂಬಾ ಉಪಯೋಗ.

ಜ್ವರದ ಫಿಟ್ಸ್ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಬರೋದು, ಬಹಳಷ್ಟು 5 ನಿಮಿಷದೊಳಗೆ ನಿಲ್ಲುತ್ತೆ, ನೋಡೋಕೆ ಭಯಂಕರ, ಆದ್ರೆ ಇದರಿಂದ ಮೆದುಳು ಹಾಳಾಗಲ್ಲ. ಒಂದ್ಸಲ ಬಂದಿರೋ ಮೂರು ಮಕ್ಕಳಲ್ಲಿ ಒಬ್ರಿಗೆ ಮತ್ತೆ ಬರಬಹುದು. 5 ನಿಮಿಷ ದಾಟಿದ್ರೆ, ಒಂದೇ ದಿನ ಎರಡ್ಸಲ ಬಂದ್ರೆ, ಮೈಯ ಒಂದೇ ಪಕ್ಕ ಅದುರಿದ್ರೆ, ನಿಂತ್ಮೇಲೂ ಮಗು ಎಚ್ಚರ ಆಗ್ದಿದ್ರೆ ತಡ ಮಾಡ್ದೆ ಹೊರಡಿ. ಆಸ್ಪತ್ರೇಲಿ ಮೂಗಿಗೆ ಸ್ಪ್ರೇ ಹೊಡೀಬಹುದು, ಹಿಂಭಾಗದಿಂದ ಔಷಧಿ ಹಾಕ್ಬಹುದು, ಅಥ್ವಾ ಐವಿ, ಅಂದ್ರೆ ನರಕ್ಕೆ ಸೂಜಿ ಹಾಕಿ ಕೊಡ್ಬಹುದು. ಮೂಗಿನ ಸ್ಪ್ರೇನ ಕೆಲವು ಡಾಕ್ಟ್ರು ಮನೇಲಿ ಇಟ್ಕೊಳ್ಳೋಕೂ ಬರ್ಕೊಡ್ತಾರೆ, ನಾಪೋಕ್ಲಂಥ ಕಡೆ ಇರೋರು ಮಗಳ ಹತ್ರ ಹೇಳಿ ಅಲ್ಲೇ ಮಕ್ಕಳ ಡಾಕ್ಟ್ರನ್ನ ಕೇಳಿಸಿ.

ತಿತಿಮತಿ_ಸೊಸೆ

ಅಕ್ಕ ತುಂಬಾ ಥ್ಯಾಂಕ್ಸ್. ಪ್ಯಾರಾಸಿಟಮಾಲ್ ಬಗ್ಗೆ ಒಂದು ಪ್ರಶ್ನೆ. ನಮ್ಮನೇಲಿ ಎರಡು ಬಾಟಲಿ ಇದೆ, ಒಂದರಲ್ಲಿ 120 ಅಂತಿದೆ ಇನ್ನೊಂದರಲ್ಲಿ 250. ಅತ್ತೆ ಎರಡೂ ಒಂದೇ ಅಂತಾರೆ, 5 ಎಂಎಲ್ ಹಾಕ್ಬಿಡು ಅಂತಾರೆ. ಹೌದಾ? ಮತ್ತೆ ಉಸಿರು ಜಾಸ್ತಿ ಅಂದ್ರೆ ಎಷ್ಟು ಅಂತ ಹೇಗ್ ಗೊತ್ತಾಗೋದು?

ಸಿಸ್ಟರ್_ಅಕ್ಕ

ಖಂಡಿತ ಒಂದೇ ಅಲ್ಲ ತಂಗಿ, ಇದನ್ನ ಅತ್ತೆಗೂ ಓದಿ ಹೇಳು. ಆ ನಂಬರ್ 5 ಎಂಎಲ್‌ನಲ್ಲಿ ಎಷ್ಟು ಎಂಜಿ ಇದೆ ಅಂತ. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಎಂಜಿ. 12 ಕೆಜಿ ಮಗೂಗೆ 120ರದ್ದಾದ್ರೆ 7 ಎಂಎಲ್ ಹತ್ರ ಬರುತ್ತೆ, 250ರದ್ದಾದ್ರೆ ಮೂರೂವರೆ ಎಂಎಲ್ ಸಾಕು. ಚಿಕ್ಕ ಶಿಶುಗಳ ಡ್ರಾಪ್ಸ್ ಇನ್ನೂ ಗಟ್ಟಿ, ಒಂದೇ ಎಂಎಲ್‌ನಲ್ಲಿ 100 ಎಂಜಿ ಇರೋದು ಬರುತ್ತೆ, ಅದನ್ನ ಸಿರಪ್ ಥರ ಚಮಚದಲ್ಲಿ ಹಾಕಿದ್ರೆ ಲಿವರ್ರಿಗೆ ಅಪಾಯ. ಎರಡು ಡೋಸ್ ಮಧ್ಯೆ ಕಡೇಪಕ್ಷ 4ರಿಂದ 6 ಗಂಟೆ ಬಿಡ್ಬೇಕು. ಆಸ್ಪತ್ರೆಗೆ ಬರುವಾಗ ಬಾಟಲೀನೇ ತಗೊಂಡು ಬನ್ನಿ, ಕೆಂಪು ಬಣ್ಣದ್ದು ಕೊಟ್ವಿ ಅಂದ್ರೆ ನಮಗೆ ಏನೂ ಗೊತ್ತಾಗಲ್ಲ. ಡೆಂಗ್ಯೂ ಟೈಮಲ್ಲಿ ಐಬುಪ್ರೊಫೆನ್ ಬೇಡ್ವೇ ಬೇಡ. ಡೆಂಗ್ಯೂನಲ್ಲಿ ಇನ್ನೊಂದು ಜ್ಞಾಪಕ ಇಟ್ಕೋ, ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಕೈಕಾಲು ತಣ್ಣಗಾಗೋದು, ಮಂಕಾಗೋದು ಇದ್ರೆ ಅದೇ ಅಪಾಯದ ಹೊತ್ತು, ಜ್ವರ ಬಿಡ್ತಲ್ಲ ಅಂತ ಮನೇಲಿ ಕೂರ್ಬೇಡಿ.

ಉಸಿರು ಎಣಿಸೋಕೆ ಮಗು ಮಲಗಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸ್ಬೇಕು. 2 ತಿಂಗಳೊಳಗಿನ ಮಗೂಗೆ 60 ಅಥ್ವಾ ಜಾಸ್ತಿ, ಒಂದು ವರ್ಷದೊಳಗಿದ್ರೆ 50, ಒಂದರಿಂದ ಐದು ವರ್ಷಕ್ಕೆ 40, ಇಷ್ಟಾದ್ರೆ ವೇಗದ ಉಸಿರು ಅಂತ, ತೋರಿಸ್ಬೇಕು. ಪಕ್ಕೆ ಒಳಗೆ ಹೋಗ್ತಿದ್ರೆ ಎಣಿಸೋದೂ ಬೇಡ, ಹೊರಡಿ.

ಕುಟ್ಟ_ಕರಿಮೆಣಸು

ನಾನು ತೋಟ ಮಾಡೋನು. ಹಾವಿನ ಬಗ್ಗೆ ಯಾರೂ ಬಿಡಿಸಿ ಬರ್ದಿಲ್ಲ, ನಮ್ಮ ಕಡೆ ಅದೇ ಮುಖ್ಯ. ಕಾಫಿ ಕುಯ್ಲಿನ ಟೈಮಲ್ಲಿ ಕೆಲ್ಸದವರ ಮಕ್ಕಳು ಗಿಡದ ಬುಡದಲ್ಲೇ ಆಡ್ತಿರ್ತವೆ. ನಮ್ಮ ಲೈನ್‌ಮನೆ (ಕೆಲ್ಸದವರ ಸಾಲುಮನೆ) ಹುಡುಗಿ ಒಬ್ಳಿಗೆ ದರಗಿನ ಮೇಲೆ ಕೂತಿದ್ದಾಗ ಕಚ್ಚಿತು, ಜೊತೆಗೆ ಹೋದೋನು ನಾನು. ಅಲ್ಲಿ ನೋಡಿದ್ದು ಹೇಳ್ತೀನಿ.

ಹೋದ ತಕ್ಷಣ ರಕ್ತ ತೆಗೆದು ಒಂದು ಗಾಜಿನ ಟ್ಯೂಬಿಗೆ ಹಾಕಿ ಸ್ಟ್ಯಾಂಡಲ್ಲಿ ನಿಲ್ಸಿ ಸಿಸ್ಟರ್ ಸುಮ್ನೆ ಹೋದ್ರು. ಹುಡುಗಿ ಅಪ್ಪ ಅಳ್ತಿದಾನೆ, ಇಂಜೆಕ್ಷನ್ ಹಾಕಿ ಅಂತ ಕೈ ಮುಗೀತಿದಾನೆ. ಆಮೇಲೆ ಡಾಕ್ಟ್ರು ಹೇಳಿದ್ರು, ಆ ಟ್ಯೂಬನ್ನ 20 ನಿಮಿಷ ಅಲ್ಲಾಡಿಸ್ದೆ ಇಟ್ಟು ಓರೆ ಮಾಡಿ ನೋಡ್ತಾರೆ, ರಕ್ತ ಹೆಪ್ಪುಗಟ್ಟಿದ್ರೆ ಸರಿ, ನೀರಾಗಿ ಹರಿದ್ರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಅಂತ. ಅದೇ ದೊಡ್ಡ ಟೆಸ್ಟು, ಸುಮ್ನೆ ಕಾಯ್ಸಿದ್ದಲ್ಲ. ಇವಳಿಗೆ ಹೆಪ್ಪುಗಟ್ಟಿತ್ತು, ಕಾಲು ಮಾತ್ರ ಊದಿತ್ತು. ಅದಕ್ಕೇ ಆ ಕ್ಷಣಕ್ಕೆ ಹಾವಿನ ಔಷಧಿ ಹಾಕ್ಲಿಲ್ಲ, ಗಂಟೆಗಟ್ಲೆ ಬಿಟ್ಟು ಬಿಟ್ಟು ಅದೇ ಟೆಸ್ಟ್ ಮಾಡಿದ್ರು, ರಾತ್ರಿಯಿಡೀ ಅಲ್ಲೇ ಇಟ್ಕೊಂಡ್ರು.

ನಮ್ಮ ದೇಶದಲ್ಲಿ ಸಿಗೋ ಔಷಧಿ ನಾಲ್ಕು ಹಾವಿಗೆ ಮಾಡಿರೋದು, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಮ್ಮ ತೋಟದಲ್ಲಿ ಜಾಸ್ತಿ ಸಿಗೋ ಗುಳಿಮಂಡಲಕ್ಕೆ ಅದು ನಾಟಲ್ಲ, ಆದ್ರೂ ಅದರ ವಿಷದಿಂದ ರಕ್ತಕ್ಕೂ ಕಿಡ್ನಿಗೂ ಏಟು ಬೀಳ್ಬಹುದು, ಅದಕ್ಕೇ ಉಚ್ಚೆ ಅಳೀತಾರೆ, ಮನೆಗೆ ಬೇಗ ಕಳಿಸಲ್ಲ. ದಯವಿಟ್ಟು ಡಾಕ್ಟ್ರ ಮೇಲೆ ಗಲಾಟೆ ಮಾಡ್ಬೇಡಿ, ಬೇಡದಿದ್ದಾಗ ಹಾಕಿದ್ರೆ ಆ ಔಷಧಿಯಿಂದ್ಲೇ ಅಲರ್ಜಿ ಆಗಿ ಪ್ರಾಣಕ್ಕೆ ಬರ್ಬಹುದು.

ಹಾವು ಹಿಡ್ಕೊಂಡು ಹೋಗೋದು ಬೇಡ, ದೂರದಿಂದ ಫೋಟೋ ಸಿಕ್ಕಿದ್ರೆ ಸಾಕು. ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಚೀಪೋದು, ನಾಟಿ ಮದ್ದಿಗೆ ಅಂತ ಟೈಮ್ ಕಳೆಯೋದು ಬೇಡ. ಕಾಲ್ಗೆಜ್ಜೆ, ಬಳೆ ಬಿಚ್ಚಿ, ಊದಿದ್ರೆ ಆಮೇಲೆ ಬರಲ್ಲ. ಮಗೂನ ನಡೆಸ್ಬೇಡಿ, ಎತ್ಕೊಳ್ಳಿ, ಕಾಲಿಗೆ ಒಂದು ಕೋಲೋ ರಟ್ಟೋ ಇಟ್ಟು ಅಲ್ಲಾಡ್ದಂಗೆ ಸಡಿಲವಾಗಿ ಕಟ್ಟಿ.

ಸಿಸ್ಟರ್_ಅಕ್ಕ

ತುಂಬಾ ಚೆನ್ನಾಗಿ ಹೇಳಿದ್ರಿ. ಎರಡು ಮಾತು ಸೇರಿಸ್ತೀನಿ. ಇಷ್ಟು ಚಿಕ್ಕ ಮಗೂಗೆ ಹಾವಿನ ಔಷಧಿ 10 ವಯಲ್ (ಶೀಶೆ) ಹಾಕ್ತಿದೀರಲ್ಲ ಅಂತ ಗಾಬರಿ ಆಗ್ತಾರೆ. ಉಳಿದ ಔಷಧಿಯೆಲ್ಲ ತೂಕದ ಲೆಕ್ಕ ಅಂದೆ, ಹಾವಿನ ಔಷಧಿ ಮಾತ್ರ ಮಗೂಗೂ ದೊಡ್ಡೋರಿಗೂ ಒಂದೇ ಡೋಸು, ಯಾಕಂದ್ರೆ ಹಾವು ಬಿಡೋ ವಿಷ ಮಗು ಅಂತ ಕಮ್ಮಿ ಆಗಲ್ಲ. ಇನ್ನೊಂದು ಕಟ್ಟುಹಾವು. ನೆಲದ ಮೇಲೆ ಮಲಗಿರೋರಿಗೆ ರಾತ್ರಿ ಕಚ್ಚುತ್ತೆ, ನೋವೂ ಇರಲ್ಲ ಗಾಯಾನೂ ಕಾಣಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಗ್ಯಾಸ್ಟ್ರಿಕ್ ಅನ್ಕೋಬೇಡಿ, ಓಡಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡ್ಬೇಕಾದ ಪಟ್ಟಿಗೆ ಸೇರಿದೆ, ಹಾಗಾಗಿ ಜಾಸ್ತಿ ಫಾರಂ ತುಂಬ್ತಾರೆ, ಅದಕ್ಕೆ ಹೆದರ್ಬೇಡಿ.

ಸುಂಟಿಕೊಪ್ಪ_ಟೀಚರ್

ನಮ್ಮ ಶಾಲೆ ಮಗು ಒಂದು ಮನೇಲಿ ಬಾಟಲೀಲಿದ್ದ ಸ್ಪ್ರೇ ಔಷಧಿ ಕುಡಿದಿತ್ತು. ಪೊಲೀಸ್ ಕೇಸ್ ಆಗುತ್ತೆ ಅಂತ ಅಪ್ಪ ಅಮ್ಮ ಆಸ್ಪತ್ರೆಗೆ ಹೋಗೋಕೇ ಹಿಂದೆಮುಂದೆ ನೋಡ್ತಿದ್ರು, ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋಕೆ ಹೊರಟಿದ್ರು. ನಾವೇ ಬೈದು ಕರ್ಕೊಂಡು ಹೋದ್ವಿ. ಈ ಎಂಎಲ್‌ಸಿ ಅನ್ನೋದು ಏನು, ಯಾಕೆ ಇಷ್ಟು ಭಯ? ದುಡ್ಡಿನ ವಿಚಾರಾನೂ ಹೇಳಿ.

ಸಿಸ್ಟರ್_ಅಕ್ಕ

ಟೀಚರ್, ನೀವು ಮಾಡಿದ್ದು ದೊಡ್ಡ ಕೆಲ್ಸ. ವಿಷ, ಸುಟ್ಟಗಾಯ, ಆಕ್ಸಿಡೆಂಟ್ ಥರದ್ದು ಬಂದ್ರೆ ಆಸ್ಪತ್ರೆಯವರು ರಿಜಿಸ್ಟರಲ್ಲಿ ಬರೆದು ಸ್ಟೇಷನ್ನಿಗೆ ತಿಳಿಸ್ಬೇಕು, ಅದೇ ಎಂಎಲ್‌ಸಿ. ಪೊಲೀಸ್ರು ಬಂದು ಹೇಗಾಯ್ತು ಅಂತ ಕೇಳಿ ಬರ್ಕೊಂಡು ಹೋಗ್ತಾರೆ. ಎಂಎಲ್‌ಸಿ ಆದ ಮಾತ್ರಕ್ಕೆ ತಂದೆತಾಯಿ ಮೇಲೆ ಕೇಸ್ ಹಾಕಿದ್ರು ಅಂತ ಅಲ್ಲ. ಚಿಕಿತ್ಸೆ ಅದಕ್ಕೆ ಕಾಯಲ್ಲ, ಮೊದ್ಲು ಚಿಕಿತ್ಸೆ ಆಮೇಲೆ ಕಾಗದ, 1989ರಲ್ಲೇ ಪರಮಾನಂದ ಕಟಾರಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ, ಪ್ರೈವೇಟಿಗೂ ಇದು ಅನ್ವಯ.

ವಾಂತಿ ಮಾಡ್ಸೋದು ಬೇಡವೇ ಬೇಡ, ಸೀಮೆಎಣ್ಣೆ ಆದ್ರಂತೂ ವಾಂತಿ ಬರುವಾಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಮೈಮೇಲೆ ಚೆಲ್ಲಿದ್ರೆ ಬಟ್ಟೆ ಬಿಚ್ಚಿ ಸೋಪಲ್ಲಿ ತೊಳೀರಿ. ಆ ಬಾಟಲಿ, ಲೇಬಲ್ ಸಮೇತ ತನ್ನಿ, ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಹಾಕೋ ಮೈಲುತುತ್ತಕ್ಕೆ ಮಾಡೋ ಚಿಕಿತ್ಸೆ ಬೇರೆ, ಕ್ಲೋರ್‌ಪೈರಿಫಾಸ್ ಥರದ ಕೀಟನಾಶಕಕ್ಕೆ ಬೇರೆ. ರಿಮೋಟಿನ, ಆಟದ ಸಾಮಾನಿನ ಗುಂಡು ಬ್ಯಾಟರಿ ನುಂಗಿದ್ರೆ ಮಗು ಆಟ ಆಡ್ತಾ ಇದ್ರೂ ಹೊರಡಿ, ಅನ್ನನಾಳದಲ್ಲಿ ಸಿಕ್ಕಿದ್ರೆ ಎರಡು ಗಂಟೇಲಿ ಸುಡೋಕೆ ಶುರು. ಸುಟ್ಟಗಾಯಕ್ಕೆ ನಲ್ಲಿ ನೀರು 20 ನಿಮಿಷ, ಪೇಸ್ಟು ಇಂಕು ಏನೂ ಬೇಡ. ನಾಯಿ ಕಚ್ಚಿದ್ರೆ 15 ನಿಮಿಷ ಸೋಪು ನೀರು, ಆಮೇಲೆ ಅವತ್ತೇ ಆಸ್ಪತ್ರೆ.

ದುಡ್ಡು ಅಂದ್ರೆ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇಕಡಾ 30, ಒಂದೂವರೆ ಲಕ್ಷದವರೆಗೆ. ಕಾರ್ಡು, ಆಧಾರ್, ತಾಯಿ ಕಾರ್ಡು ಒಂದೇ ಪ್ಲಾಸ್ಟಿಕ್ ಕವರಲ್ಲಿ ಹಾಕಿಡಿ. ಸಿಗ್ಲಿಲ್ಲ ಅಂದ್ರೆ ಹುಡುಕ್ತಾ ಕೂರ್ಬೇಡಿ, ಆಮೇಲೆ ಯಾರಾದ್ರೂ ತರ್ತಾರೆ.

ಕುಟ್ಟ_ಕರಿಮೆಣಸು

ತೋಟದ ಮಾಲೀಕರಿಗೆ, ಕೆಲ್ಸ ನೋಡ್ಕೊಳ್ಳೋ ರೈಟರ್‌ಗಳಿಗೆ ಒಂದು ಕೋರಿಕೆ. ಲೈನ್‌ಮನೇಲಿ ಯರವ ಬುಡಕಟ್ಟಿನವರು ಇದಾರೆ, ಅಸ್ಸಾಮಿಂದ ಬಂದೋರು ಇದಾರೆ. ರಾತ್ರಿ ಮಗೂಗೆ ಜೋರಾದ್ರೆ ಬಂಗಲೆ ಬಾಗಿಲು ತಟ್ಟೋಕೆ ಹೆದರ್ತಾರೆ, ಬೆಳಗಾಗ್ಲಿ ಅಂತ ಕಾಯ್ತಾರೆ, ಆ ಕಾಯೋದರಲ್ಲೇ ಮಗು ಕೈಬಿಟ್ಟು ಹೋಗುತ್ತೆ. ಯಾವ ಹೊತ್ತಲ್ಲಾದ್ರೂ ಬಂದು ಎಬ್ಬಿಸಿ ಅಂತ ನೀವೇ ಹೋಗಿ ಹೇಳಿ. ಜೀಪಿನ ಕೀ ಎಲ್ಲಿರುತ್ತೆ, ಯಾರು ಓಡಿಸ್ತಾರೆ ಗೊತ್ತಿರ್ಲಿ. ಅವರ ಭಾಷೆ ಬರೋ ಒಬ್ರನ್ನ ಜೊತೆಗೆ ಕಳಿಸಿ, ಡಾಕ್ಟ್ರು ಕೇಳೋದು ತಾಯಿಗೆ ಅರ್ಥ ಆಗ್ಬೇಕಲ್ಲ.

ಸಿಸ್ಟರ್_ಅಕ್ಕ

ಇದನ್ನ ಎಲ್ಲ ತೋಟದವರೂ ಓದ್ಲಿ. ಅವರ ಹತ್ರ ಇಲ್ಲಿನ ಕಾರ್ಡ್ ಇಲ್ದಿದ್ರೂ ಸರ್ಕಾರಿ ಆಸ್ಪತ್ರೇಲಿ ತುರ್ತು ಚಿಕಿತ್ಸೆ ಕೊಡ್ತೀವಿ, ಕಾರ್ಡಿಲ್ಲ ಅಂತ ಯಾರೂ ಮನೇಲಿ ಉಳೀಬಾರ್ದು.

ತಿತಿಮತಿ ತಂಗಿಗೆ ಇನ್ನೊಂದು. ಐವಿ ಹಾಕುವಾಗ ತಾಯಿ ಹತ್ರಾನೇ ಇರ್ಬಹುದು, ಕೇಳಿ. ಚಿಕ್ಕ ಮಕ್ಕಳ ನರ ಸಣ್ಣ, ವಾಂತಿ ಭೇದಿ ಆಗಿದ್ರೆ ಇನ್ನೂ ಸಿಗಲ್ಲ, ಒಂದೆರಡು ಸಲ ಚುಚ್ಬೇಕಾಗುತ್ತೆ, ಆಮೇಲೆ ಕೈಯನ್ನ ಒಂದು ರಟ್ಟಿಗೆ ಕಟ್ತಾರೆ ಕಿತ್ಕೊಳ್ದೇ ಇರ್ಲಿ ಅಂತ. ನೋವಾಗಲ್ಲ ಅಂತ ಮಗೂಗೆ ಸುಳ್ಳು ಹೇಳ್ಬೇಡ, ಒಂದ್ಸಲ ಚುರುಕ್ ಅನ್ನುತ್ತೆ ಅಮ್ಮ ಇಲ್ಲೇ ಇದೀನಿ ಅನ್ನು. ಮನೇಲಿ ಊಟ ಮಾಡ್ದಿದ್ರೆ ಇಂಜೆಕ್ಷನ್ ಹಾಕಿಸ್ತೀನಿ ಅಂತ ಹೆದರಿಸೋದನ್ನ ಇವತ್ತೇ ನಿಲ್ಸಿ ಎಲ್ರೂ, ಆ ಭಯದಲ್ಲಿ ಬಂದ ಮಗು ಸ್ಟೆತಸ್ಕೋಪ್ ಇಡೋಕೂ ಬಿಡಲ್ಲ, ಅಳ್ತಾ ಇದ್ರೆ ಎದೆ ಸದ್ದು ನಮಗೆ ಕೇಳಲ್ಲ.

ಮೂರ್ನಾಡು_ಹೊಸಅಮ್ಮ

ಸಿಸ್ಟರ್ ಈಗ ಇದೀರಾ? ನನ್ನ ಪಾಪುಗೆ 40 ದಿನ. ಸಂಜೆಯಿಂದ ಮೈ ಬಿಸಿ, ಥರ್ಮಾಮೀಟರಲ್ಲಿ 100.8 ಇದೆ. ಹಾಲು ಕಮ್ಮಿ ಕುಡೀತಿದೆ, ಜಾಸ್ತಿ ಮಲಗ್ತಿದೆ. ಬೇರೇನೂ ಇಲ್ಲ, ಶೀತಾನೂ ಇಲ್ಲ. ಬೆಳಿಗ್ಗೆವರೆಗೂ ನೋಡೋಣ ಅಂತಿದಾರೆ ಮನೇಲಿ.

ಸಿಸ್ಟರ್_ಅಕ್ಕ

ಬೆಳಿಗ್ಗೆವರೆಗೂ ಕಾಯ್ಬೇಡ ಪುಟ್ಟ, ಈಗ್ಲೇ ಮಡಿಕೇರಿಗೆ ಹೊರಡಿ. 3 ತಿಂಗಳೊಳಗಿನ ಮಗೂಗೆ 100.4 ದಾಟಿದ್ರೆ ಬೇರೆ ಏನೂ ಲಕ್ಷಣ ಇಲ್ದಿದ್ರೂ ಎಮರ್ಜೆನ್ಸಿನೇ, ಇಷ್ಟು ಚಿಕ್ಕ ಮಕ್ಕಳು ಸೋಂಕು ಜೋರಾಗೋವರೆಗೂ ಏನೂ ತೋರ್ಸಲ್ಲ. ಔಷಧಿ ಕೊಟ್ಟು ಜ್ವರ ಇಳಿಸಿ ನೋಡೋಣ ಅಂತ ಬೇಡ. ಎದೆಹಾಲು ಕೊಡ್ತಾ ಹೋಗು, ತಾಯಿ ಕಾರ್ಡ್ ತಗೋ, ಜೊತೆಗೆ ಇನ್ನೊಬ್ರು ದೊಡ್ಡೋರು ಇರ್ಲಿ. ಹೋದ ತಕ್ಷಣ 40 ದಿನದ ಮಗು, ಜ್ವರ 100.8 ಅಂತ ಮೊದ್ಲ ಮಾತಲ್ಲೇ ಹೇಳು, ಕಾಯಿಸಲ್ಲ.

ಆಂಬುಲೆನ್ಸ್_ಕುಶಾಲನಗರ

ಗಾಡಿ ಇಲ್ದಿದ್ರೆ 108ಕ್ಕೆ ಮಾಡಿ ತಂಗಿ, ಮೂರ್ನಾಡು ರೋಡ್ ಈಗ ಕ್ಲಿಯರ್ ಇದೆ, ನಾನು ಸಂಜೆ ಅಲ್ಲಿಂದ್ಲೇ ಬಂದೆ.

ಮೂರ್ನಾಡು_ಹೊಸಅಮ್ಮ

ಅಡ್ಮಿಟ್ ಮಾಡ್ಕೊಂಡಿದಾರೆ ಸಿಸ್ಟರ್. ಹೋದ ತಕ್ಷಣ ನೋಡಿದ್ರು. ರಕ್ತ, ಉಚ್ಚೆ ಎರಡೂ ತಗೊಂಡ್ರು, ಆಂಟಿಬಯೋಟಿಕ್ ಶುರು ಮಾಡಿದಾರೆ. ಈಗ ಬೆನ್ನಿಂದ ನೀರು ತೆಗೀಬೇಕಾಗಬಹುದು, ಸೈನ್ ಹಾಕಿ ಅಂತಿದಾರೆ. ನನ್ನ ಮಾವ ಬೇಡ ಅಂತಿದಾರೆ, ಕಾಲು ಬಿದ್ದೋಗುತ್ತೆ ಅಂತ. ಏನ್ ಮಾಡ್ಲಿ?

ಸಿಸ್ಟರ್_ಅಕ್ಕ

ಆ ಭಯ ತುಂಬಾ ಜನಕ್ಕೆ ಇದೆ. ಸೂಜಿ ಹಾಕೋದು ಸೊಂಟದ ಹತ್ರ, ಬೆನ್ನುಹುರಿ ಮುಗಿದು ಅದರ ಕೆಳಗಿರೋ ಜಾಗದಲ್ಲಿ, ಅಲ್ಲಿ ಬರೀ ನೀರೂ ತೆಳು ನರಗಳೂ ಇರೋದು. ಮೆದುಳು ಜ್ವರ ಇದೆಯೋ ಇಲ್ವೋ ಅಂತ ಅದರಿಂದ್ಲೇ ಸರಿಯಾಗಿ ಗೊತ್ತಾಗೋದು, ಇದ್ರೆ ಔಷಧಿ ಡೋಸೂ ಬೇರೆ, ಎಷ್ಟು ದಿನ ಅನ್ನೋದೂ ಬೇರೆ. ಮಗೂನ ಒಬ್ಬ ಸಿಸ್ಟರ್ ಮುದುಡಿ ಹಿಡ್ಕೋತಾರೆ, ಕೆಲವೇ ಹನಿ ತೆಗೀತಾರೆ. ಮಾವನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಇದನ್ನೇ ಕೇಳಿಸು, ಅವರ ಬಾಯಿಂದ ಕೇಳಿದ್ರೆ ಒಪ್ತಾರೆ. ಸೈನ್ ಹಾಕು.

ಯಾವ ರೋಗಾಣು ಇದೆ ಅಂತ ಬೆಳೆಸಿ ನೋಡೋ ಕಲ್ಚರ್ ರಿಪೋರ್ಟ್ ಬರೋಕೆ ಒಂದೆರಡು ದಿನ ಹಿಡಿಯುತ್ತೆ, ಅಲ್ಲಿವರೆಗೆ ಮಗು ಚೆನ್ನಾಗಿ ಕಂಡ್ರೂ ಮನೆಗೆ ಕರ್ಕೊಂಡು ಹೋಗ್ತೀವಿ ಅಂತ ಬರ್ಕೊಟ್ಟು ಬರ್ಬೇಡಿ. ಹಾಲು ಕುಡಿಯೋದೂ ಉಚ್ಚೆ ಹೊಯ್ಯೋದೂ ಒಂದು ಕಾಗದದಲ್ಲಿ ಟೈಮ್ ಹಾಕಿ ಬರೀತಾ ಇರು, ರೌಂಡ್ಸಿಗೆ ಬಂದಾಗ ಡಾಕ್ಟ್ರು ಅದನ್ನೇ ಕೇಳ್ತಾರೆ. ನೀನೂ ಬಾಣಂತಿ, ಮನೆಯಿಂದ ಬಿಸಿ ಊಟ, ಸ್ವೆಟರ್, ಫ್ಲಾಸ್ಕಲ್ಲಿ ನೀರು ತರ್ಸ್ಕೋ, ಈ ಮಳೇಲಿ ವಾರ್ಡ್ ತುಂಬಾ ಥಂಡಿ ಇರುತ್ತೆ. ನಾನು ನಾಳೆ ಡ್ಯೂಟಿ ಮುಗಿದ್ಮೇಲೆ ಇಲ್ಲಿ ಮತ್ತೆ ನೋಡ್ತೀನಿ, ಏನಾಯ್ತು ಅಂತ ಬರಿ.